*ಪಾರ್ಕಿನ್ಸನ್ ಇರುವ ಹಿರಿಯರು ತೆಳ್ಳಗಾಗುತ್ತಿದ್ದರೆ ಖುಷಿಪಡಬೇಡಿ, ತೂಕ ನೋಡಿ*



"ಅಪ್ಪ ಈಗ ಸ್ಲಿಮ್ ಆಗಿದ್ದಾರೆ ಡಾಕ್ಟ್ರೇ, ಬಿಪಿ, ಶುಗರ್ ಎರಡೂ ಕಂಟ್ರೋಲಿಗೆ ಬಂದಿವೆ." ಹೃದ್ರೋಗ ತಜ್ಞರ ಕೋಣೆಯಲ್ಲಿ ಇದು ಸಾಮಾನ್ಯವಾಗಿ ಒಳ್ಳೆಯ ಸುದ್ದಿ. ತೂಕ ಇಳಿಸಿ, ತುಪ್ಪ ಕಡಿಮೆ ಮಾಡಿ, ನಡೆಯಿರಿ ಎಂದು ದಿನವಿಡೀ ಹೇಳುವವರು ನಾವೇ. ಆದರೆ ಅದೇ ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ ಇದ್ದರೆ, ಈ ಮಾತು ಕೇಳಿದಾಗ ನಾನು ಮೊದಲು ಕೇಳುವ ಪ್ರಶ್ನೆ ಬೇರೆ: "ಎಷ್ಟು ಕಿಲೋ ಇಳಿದಿದ್ದಾರೆ? ಎಷ್ಟು ತಿಂಗಳಲ್ಲಿ?"

ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ನಡುಗುವ ಕೈ, ನಿಧಾನವಾದ ನಡಿಗೆ, ಹೊತ್ತು ಹೊತ್ತಿಗೆ ಕೊಡಬೇಕಾದ ಮಾತ್ರೆ, ಇವೆಲ್ಲ ಮನೆಯವರಿಗೆ ಗೊತ್ತಿರುತ್ತವೆ. ತೂಕವನ್ನು ಮಾತ್ರ ಯಾರೂ ಬರೆದಿಟ್ಟಿರುವುದಿಲ್ಲ. ಇವತ್ತಿನ ಲೇಖನ ಆ ಒಂದು ಅಂಕಿಯ ಬಗ್ಗೆ. ಪಾರ್ಕಿನ್ಸನ್ ಇರುವವರು ಎಷ್ಟು ಚೆನ್ನಾಗಿ, ಎಷ್ಟು ಕಾಲ ಬದುಕುತ್ತಾರೆ ಎಂಬುದಕ್ಕೂ ಈ ಅಂಕಿಗೂ ಸಂಬಂಧವಿದೆ.

*ಇದು ಬರೀ ಕೈ ನಡುಗುವ ಕಾಯಿಲೆ ಅಲ್ಲ*

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಜನರನ್ನು ಗಮನಿಸಿ ಈ ಕಾಯಿಲೆಯ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ನಡುಕದ ಜೊತೆಗೆ ಮಲಬದ್ಧತೆ, ನುಂಗಲು ಕಷ್ಟ, ಬಾಯಿಂದ ಜೊಲ್ಲು ಸುರಿಯುವುದನ್ನೂ ಅವರು ಆಗಲೇ ಗುರುತಿಸಿದ್ದರು. ಅಂದರೆ ಹೊಟ್ಟೆ ಮತ್ತು ಗಂಟಲಿನ ತೊಂದರೆ ಈ ಕಾಯಿಲೆಗೆ ಹೊಸದಾಗಿ ಸೇರಿಕೊಂಡಿದ್ದಲ್ಲ, ಮೊದಲಿನಿಂದಲೂ ಅದರ ಭಾಗವೇ.

ಮೆದುಳಿನ ಒಂದು ಸಣ್ಣ ಜಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳಿವೆ. ಅವು ನಿಧಾನವಾಗಿ ಸಾಯುತ್ತಾ ಹೋಗುತ್ತವೆ. ಡೋಪಮೈನ್ ಕಡಿಮೆಯಾದಾಗ ಚಲನೆ ನಿಧಾನವಾಗುತ್ತದೆ, ಮೈ ಬಿಗಿಯುತ್ತದೆ, ಕೈ ನಡುಗುತ್ತದೆ. ನಡುಕ ಕಣ್ಣಿಗೆ ಬೀಳುವ ಹೊತ್ತಿಗೆ ಆ ಕೋಶಗಳ ಗಣನೀಯ ಭಾಗ ಹೋಗಿರುತ್ತದೆ. ಕರುಳು, ಬಿಪಿಯನ್ನು ಹಿಡಿದಿಡುವ ನರಗಳು, ವಾಸನೆ ಗ್ರಹಿಸುವ ನರಗಳು, ಹೃದಯಕ್ಕೆ ಹೋಗುವ ನರಗಳು ಕೂಡ ಈ ಕಾಯಿಲೆಯಲ್ಲಿ ಪೆಟ್ಟು ತಿನ್ನುತ್ತವೆ. ನಮ್ಮಂಥ ಹೃದಯದ ಡಾಕ್ಟರುಗಳಿಗೂ ಈ ಕಾಯಿಲೆಗೂ ನಂಟು ಇರುವುದು ಅಲ್ಲೇ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2019ರಲ್ಲಿ ಪ್ರಪಂಚದಲ್ಲಿ 85 ಲಕ್ಷಕ್ಕೂ ಹೆಚ್ಚು ಜನರಿಗೆ ಪಾರ್ಕಿನ್ಸನ್ ಇತ್ತು. ವಯಸ್ಸಾದವರ ಸಂಖ್ಯೆ ಹೆಚ್ಚಿದಂತೆ ಇದೂ ಹೆಚ್ಚುತ್ತಿದೆ.

*ತೂಕ ಏಕೆ ಇಳಿಯುತ್ತದೆ?*

ಕಾರಣ ಒಂದಲ್ಲ. ಸಾಮಾನ್ಯವಾಗಿ ನಾಲ್ಕೈದು ಸೇರಿಕೊಂಡಿರುತ್ತವೆ.

1. ವಾಸನೆ ಹೋಗುತ್ತದೆ. ಪಾರ್ಕಿನ್ಸನ್‌ನಲ್ಲಿ ಇದು ಎಷ್ಟೋ ಸಲ ನಡುಕಕ್ಕಿಂತ ವರ್ಷಗಳ ಮೊದಲೇ ಬರುತ್ತದೆ. ಸಾರಿನ ಒಗ್ಗರಣೆಯ ಘಮ ಗೊತ್ತಾಗದವರಿಗೆ ಊಟ ರುಚಿಸುವುದು ಹೇಗೆ? "ಏನೂ ಬೇಡ ಅನ್ನಿಸುತ್ತೆ" ಎನ್ನುತ್ತಾರೆ. ಹಟ ಅಂದುಕೊಳ್ಳಬೇಡಿ.

2. ಹೊಟ್ಟೆ ಮತ್ತು ಕರುಳು ನಿಧಾನವಾಗುತ್ತವೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಮೂರು ದಿನ ಮಲವಿಸರ್ಜನೆ ಆಗದವರಿಗೆ ಹಸಿವಾಗುವುದಿಲ್ಲ.

3. ನುಂಗುವುದು ಕಷ್ಟವಾಗುತ್ತದೆ. ಕೆಮ್ಮು ಬರುತ್ತದೆಂಬ ಭಯಕ್ಕೆ ಅರ್ಧಕ್ಕೇ ಏಳುತ್ತಾರೆ.

4. ತಿನ್ನುವುದೇ ಒಂದು ಕೆಲಸವಾಗುತ್ತದೆ. ಕಲಸುವುದು, ತುತ್ತು ಮಾಡುವುದು, ಬಾಯಿಗೆ ಒಯ್ಯುವುದು, ಅಗಿಯುವುದು ಎಲ್ಲವೂ ನಿಧಾನ. ಉಳಿದವರದೆಲ್ಲ ಮುಗಿಯಿತು, ತಾನೊಬ್ಬನೇ ಕೂತಿದ್ದೇನೆ ಎಂಬ ಸಂಕೋಚಕ್ಕೆ "ಸಾಕು" ಎಂದುಬಿಡುತ್ತಾರೆ.

5. ಮೈ ಹೆಚ್ಚು ಶಕ್ತಿ ಸುಡುತ್ತದೆ. ಮೈ ಬಿಗಿತ, ನಡುಕ ಮತ್ತು ಮಾತ್ರೆಯ ಪ್ರಭಾವದಿಂದ ಬರುವ ತಾನೇ ತಾನಾಗಿ ಮೈ ತಿರುಚುವ ಚಲನೆಗಳು ಕ್ಯಾಲೊರಿಯನ್ನು ಖರ್ಚು ಮಾಡುತ್ತವೆ.

6. ಖಿನ್ನತೆ ಮತ್ತು ಮರೆವು. ಎರಡೂ ಈ ಕಾಯಿಲೆಯಲ್ಲಿ ಸಾಮಾನ್ಯ. ಎರಡೂ ಹಸಿವನ್ನು ಕೊಲ್ಲುತ್ತವೆ.

7. ಕೆಲವು ಔಷಧಿಗಳು. ಲೆವೊಡೋಪಾ ಶುರುವಿನಲ್ಲಿ ವಾಕರಿಕೆ ತರಬಹುದು. ಬೇರೆ ಕಾಯಿಲೆಗಳಿಗೆ ಕೊಟ್ಟ ಮಾತ್ರೆಗಳೂ ಕಾರಣವಾಗಬಹುದು. ಅದನ್ನು ಮುಂದೆ ಹೇಳುತ್ತೇನೆ.

ಇದರಲ್ಲಿ ಒಂದು ವಿಷವರ್ತುಲವೂ ಇದೆ. ತೂಕ ಇಳಿದಾಗ ಅದೇ ಲೆವೊಡೋಪಾ ಡೋಸ್ ಈಗಿನ ಸಣ್ಣ ಮೈಗೆ ಹೆಚ್ಚಾಗುತ್ತದೆ. ಆಗ ಮೈ ತಿರುಚುವ ಚಲನೆಗಳು ಹೆಚ್ಚಬಹುದು. ಚಲನೆ ಹೆಚ್ಚಿದರೆ ತೂಕ ಇನ್ನೂ ಇಳಿಯುತ್ತದೆ. ನರರೋಗ ತಜ್ಞರಿಗೆ ತೂಕ ತಿಳಿಸದಿದ್ದರೆ ಈ ವರ್ತುಲ ಅವರ ಕಣ್ಣಿಗೂ ಬೀಳುವುದಿಲ್ಲ.

*ಅಧ್ಯಯನಗಳು ಏನು ಹೇಳುತ್ತವೆ?*

ಅಮೆರಿಕದಲ್ಲಿ ದಾದಿಯರು ಮತ್ತು ಇತರ ಆರೋಗ್ಯ ವೃತ್ತಿಯವರನ್ನು ದೀರ್ಘಕಾಲ ಗಮನಿಸಿದ ಎರಡು ದೊಡ್ಡ ಅಧ್ಯಯನಗಳಿವೆ. ಅದರ ಮಾಹಿತಿಯನ್ನು 2003ರಲ್ಲಿ ಪರಿಶೀಲಿಸಿದಾಗ, ಪಾರ್ಕಿನ್ಸನ್ ಪತ್ತೆಯಾಗುವುದಕ್ಕೆ ಎರಡರಿಂದ ನಾಲ್ಕು ವರ್ಷ ಮೊದಲೇ ತೂಕ ಇಳಿಯಲು ಶುರುವಾಗಿದ್ದು ಕಂಡುಬಂತು. ಅವರು ಕಡಿಮೆ ತಿನ್ನುತ್ತಿರಲಿಲ್ಲ. ಹೆಚ್ಚು ಕ್ಯಾಲೊರಿ ತಿನ್ನುತ್ತಿದ್ದರೂ ತೂಕ ಇಳಿಯುತ್ತಿತ್ತು.

2016ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನ, ಕಾಯಿಲೆಯ ಆರಂಭದ ಹಂತದಲ್ಲಿದ್ದ 1600ಕ್ಕೂ ಹೆಚ್ಚು ಜನರ ತೂಕವನ್ನು ನೋಡಿತು. ಹೆಚ್ಚಿನವರ ತೂಕ ಸ್ಥಿರವಾಗಿತ್ತು. ಸುಮಾರು ನೂರಕ್ಕೆ ಒಂಬತ್ತು ಜನರ ತೂಕ ಇಳಿಯಿತು, ಸುಮಾರು ಹದಿನಾಲ್ಕು ಜನರದು ಏರಿತು. ತೂಕ ಇಳಿದವರಲ್ಲಿ ಚಲನೆಯ ತೊಂದರೆಗಳು ಉಳಿದವರಿಗಿಂತ ಬೇಗ ಹೆಚ್ಚಿದವು.

ಸ್ಕಾಟ್ಲೆಂಡಿನ ಅಬರ್ಡೀನ್‌ನ ವೈದ್ಯರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ಪಷ್ಟ. ಕಾಯಿಲೆ ಪತ್ತೆಯಾದ ಮೊದಲ ವರ್ಷದಲ್ಲೇ ತಮ್ಮ ತೂಕದ 5 ಶೇಕಡಕ್ಕಿಂತ ಹೆಚ್ಚು ಕಳೆದುಕೊಂಡವರಲ್ಲಿ ಮುಂದೆ ಸಾವಿನ ಅಪಾಯ ಸುಮಾರು ಎರಡು ಪಟ್ಟು, ಮರೆವಿನ ಕಾಯಿಲೆಯ ಅಪಾಯ ಸುಮಾರು ಮೂರು ಪಟ್ಟು ಕಂಡುಬಂತು. ನಿತ್ಯದ ಕೆಲಸಕ್ಕೆ ಇನ್ನೊಬ್ಬರನ್ನು ಅವಲಂಬಿಸುವ ಸ್ಥಿತಿಯೂ ಬೇಗ ಬಂತು.

ಇಲ್ಲಿ ಒಂದು ಎಚ್ಚರಿಕೆ. ತೂಕ ಇಳಿದದ್ದರಿಂದಲೇ ಕಾಯಿಲೆ ಜೋರಾಯಿತು ಎಂದು ಈ ಅಧ್ಯಯನಗಳು ಸಾಬೀತು ಮಾಡಿಲ್ಲ. ಕಾಯಿಲೆ ಜೋರಾಗಿರುವವರಲ್ಲೇ ತೂಕವೂ ಇಳಿಯುತ್ತಿರಬಹುದು. ಹಾಗೆಯೇ, ತುಪ್ಪ, ಸಕ್ಕರೆ ತಿನ್ನಿಸಿ ದಪ್ಪ ಮಾಡಿದರೆ ಆಯುಷ್ಯ ಹೆಚ್ಚುತ್ತದೆ ಎಂಬುದಕ್ಕೂ ಪುರಾವೆ ಇಲ್ಲ. ಆದರೆ ಹೊಗೆ ಕಂಡಾಗ ಬೆಂಕಿ ಎಲ್ಲಿದೆ ಎಂದು ನೋಡಬೇಕಲ್ಲವೇ? ತೂಕ ಇಳಿಕೆ ಆ ಹೊಗೆ. ಅದರ ಹಿಂದಿನ ಹಲವು ಕಾರಣಗಳು, ಅಂದರೆ ನುಂಗುವ ತೊಂದರೆ, ಮಲಬದ್ಧತೆ, ಖಿನ್ನತೆ, ತಪ್ಪು ಔಷಧಿ, ಸರಿಪಡಿಸಬಹುದಾದವು.

ಹೃದಯ ವೈಫಲ್ಯದ ರೋಗಿಗಳಲ್ಲೂ ನಾವು ಇದನ್ನೇ ನೋಡುತ್ತೇವೆ. ತಾನಾಗಿಯೇ ತೂಕ ಕಳೆದುಕೊಳ್ಳುತ್ತಾ ಹೋಗುವವರ ಸ್ಥಿತಿ, ತೂಕ ಉಳಿಸಿಕೊಂಡವರಿಗಿಂತ ಕೆಡುಕು. ಪ್ರಯತ್ನಪಟ್ಟು ಇಳಿಸಿದ ತೂಕ ಬೇರೆ, ಕಾಯಿಲೆ ಕದ್ದೊಯ್ದ ತೂಕ ಬೇರೆ.

*ಇಳಿದ ತೂಕ ಜೀವಕ್ಕೆ ಹೇಗೆ ಕುತ್ತು ತರುತ್ತದೆ?*

ಕಾಯಿಲೆ ಕದಿಯುವುದು ಬರೀ ಕೊಬ್ಬನ್ನಲ್ಲ, ಮಾಂಸಖಂಡವನ್ನೂ. ತೊಡೆಯ ಸ್ನಾಯು ಕರಗಿದರೆ ಕುರ್ಚಿಯಿಂದ ಏಳುವುದು ಕಷ್ಟ, ಬೀಳುವುದು ಸುಲಭ. ಮೂಳೆ ಟೊಳ್ಳಾಗಿದ್ದರೆ, ಬಿದ್ದಾಗ ಸೊಂಟದ ಮೂಳೆ ಮುರಿಯುತ್ತದೆ. ಮೈಮೇಲೆ ಮಾಂಸವಿಲ್ಲದಿದ್ದರೆ ಮಲಗಿದಲ್ಲೇ ಹುಣ್ಣಾಗುತ್ತದೆ. ಕೆಮ್ಮಲು ಬೇಕಾದ ಸ್ನಾಯುಗಳೂ ಸೋಲುತ್ತವೆ. ನುಂಗಿದ್ದು ಶ್ವಾಸನಾಳಕ್ಕೆ ಜಾರಿದರೆ ಹೊರಗೆ ಹಾಕುವ ಶಕ್ತಿ ಇರುವುದಿಲ್ಲ. ಪಾರ್ಕಿನ್ಸನ್ ಇರುವವರ ಸಾವಿಗೆ ಮುಖ್ಯ ಕಾರಣಗಳಲ್ಲಿ ನ್ಯುಮೋನಿಯಾ ಒಂದು. ಅದು ಎಷ್ಟೋ ಸಲ ಹೀಗೇ ಶುರುವಾಗುತ್ತದೆ.

*ಬಿಪಿ ಮಾತ್ರೆ: ನಿಮಗೆ ಯಾರೂ ಹೇಳದ ಅಪಾಯ*

ಇದು ನನ್ನ ವಿಭಾಗದ ವಿಷಯ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹತ್ತು ವರ್ಷದ ಹಿಂದೆ ಅಮ್ಮನ ತೂಕ 68 ಕಿಲೋ ಇದ್ದಾಗ ಬಿಪಿಗೆ ಎರಡು ಮಾತ್ರೆ ಬರೆದಿದ್ದರು ಎಂದುಕೊಳ್ಳಿ. ಈಗ ಅವರು 55 ಕಿಲೋ. ತೂಕ ಇಳಿದಾಗ ಬಿಪಿ ತಾನೇ ಇಳಿಯುತ್ತದೆ. ಪಾರ್ಕಿನ್ಸನ್ ಕಾಯಿಲೆ ಬಿಪಿಯನ್ನು ಹಿಡಿದಿಡುವ ನರಗಳನ್ನು ಹಾಳು ಮಾಡಿ ಇನ್ನಷ್ಟು ಇಳಿಸುತ್ತದೆ. ಲೆವೊಡೋಪಾ ಕೂಡ ಬಿಪಿ ಇಳಿಸುತ್ತದೆ. ಆದರೆ ಹಳೆಯ ಚೀಟಿ ಹಾಗೇ ನಡೆಯುತ್ತಿರುತ್ತದೆ, ಮೆಡಿಕಲ್ ಶಾಪಿನವರು ಪ್ರತಿ ತಿಂಗಳೂ ಅದೇ ಮಾತ್ರೆ ಕೊಡುತ್ತಿರುತ್ತಾರೆ.

ಫಲ? ಹಾಸಿಗೆಯಿಂದ ಎದ್ದಾಗ ಕಣ್ಣು ಕತ್ತಲೆ. ಊಟವಾದ ಮೇಲೆ ಸುಸ್ತು. ಬಚ್ಚಲಲ್ಲಿ ಬೀಳುವುದು. ಕುಳಿತಾಗ ನೋಡಿದರೆ ಬಿಪಿ 130, "ನಾರ್ಮಲ್". ನಿಂತಾಗ ನೋಡಿದರೆ 95!

ಆದ್ದರಿಂದ ಮನೆಯಲ್ಲೇ ಹೀಗೆ ಮಾಡಿ. ಐದು ನಿಮಿಷ ಮಲಗಿಸಿ ಬಿಪಿ ನೋಡಿ. ನಂತರ ನಿಲ್ಲಿಸಿ, ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡಿರಲಿ, ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಅದನ್ನು ಬರೆದುಕೊಂಡು ಡಾಕ್ಟರಿಗೆ ತೋರಿಸಿ.

ತೂಕ ಇಳಿದಾಗ ಮರುಪರಿಶೀಲನೆ ಬೇಕಾದ ಮಾತ್ರೆಗಳು ಇವು:

• ಬಿಪಿ ಮಾತ್ರೆಗಳು. ಅದರಲ್ಲೂ ಮೂತ್ರ ಹೆಚ್ಚಿಸುವಂಥವು. ಇವು ಎಷ್ಟೋ ಸಲ ಒಂದೇ ಮಾತ್ರೆಯಲ್ಲಿ ಇನ್ನೊಂದರ ಜೊತೆ ಸೇರಿಕೊಂಡಿರುತ್ತವೆ.

• ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್, ಪ್ರಜೋಸಿನ್ ತರಹದವು. ನಿಂತಾಗ ಬಿಪಿ ಇಳಿಸುತ್ತವೆ.

• ಶುಗರ್ ಮಾತ್ರೆಗಳು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಸೆಮಾಗ್ಲುಟೈಡ್ ಮುಂತಾದವು ತೂಕ ಇಳಿಸುತ್ತವೆ. ಹೃದಯಕ್ಕೆ ಒಳ್ಳೆಯ ಔಷಧಿಗಳೇ, ಆದರೆ ಕರಗುತ್ತಿರುವ ಹಿರಿಯರಿಗೆ ಬೇಕೇ ಎಂದು ಕೇಳಬೇಕು. ಗ್ಲಿಮಿಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಕಡಿಮೆ ತಿಂದರೆ ಶುಗರ್ ಅಪಾಯಕಾರಿಯಾಗಿ ಕುಸಿಯಬಹುದು.

• ರಕ್ತ ತೆಳು ಮಾಡುವ ಮಾತ್ರೆಗಳು. ಉದಾಹರಣೆಗೆ ಎಪಿಕ್ಸಬಾನ್ ಡೋಸ್ ನಿರ್ಧರಿಸುವಾಗ ವಯಸ್ಸು, ಕಿಡ್ನಿ ಪರೀಕ್ಷೆಯ ಜೊತೆಗೆ ತೂಕ 60 ಕಿಲೋ ಅಥವಾ ಅದಕ್ಕಿಂತ ಕಡಿಮೆಯೇ ಎಂಬುದನ್ನೂ ನೋಡುತ್ತೇವೆ.

ಯಾವ ಮಾತ್ರೆಯನ್ನೂ ಈ ಲೇಖನ ಓದಿ ನೀವೇ ನಿಲ್ಲಿಸಬೇಡಿ. "ತೂಕ ಇಷ್ಟು ಇಳಿದಿದೆ, ಈ ಡೋಸ್ ಈಗಲೂ ಸರಿಯೇ?" ಎಂದು ಕೇಳಿ. ಅಷ್ಟು ಸಾಕು. ಲೆವೊಡೋಪಾವನ್ನಂತೂ ದಿಢೀರ್ ನಿಲ್ಲಿಸಲೇಬಾರದು.

*"ಗ್ಯಾಸ್" ಮಾತ್ರೆಯ ಬಗ್ಗೆ ಎಚ್ಚರ*

ಹಸಿವಿಲ್ಲ, ಹೊಟ್ಟೆ ಉಬ್ಬರ, ವಾಕರಿಕೆ ಎಂದು ಹೋದಾಗ ನಮ್ಮಲ್ಲಿ ಬಹಳ ಸುಲಭವಾಗಿ ಸಿಗುವುದು ಗ್ಯಾಸ್ ಮಾತ್ರೆ. ಕೆಲವು ಗ್ಯಾಸ್ ಕ್ಯಾಪ್ಸೂಲ್‌ಗಳಲ್ಲಿ ಲೆವೊಸಲ್ಪಿರೈಡ್ ಎಂಬ ಔಷಧಿ ಸೇರಿರುತ್ತದೆ. ಅದು ಡೋಪಮೈನ್ ಕೆಲಸವನ್ನು ತಡೆಯುತ್ತದೆ. ಪಾರ್ಕಿನ್ಸನ್ ಇರುವವರಿಗೆ ಕೊಟ್ಟರೆ ಕಾಯಿಲೆ ಹೆಚ್ಚುತ್ತದೆ. ಕಾಯಿಲೆ ಇಲ್ಲದವರಲ್ಲೂ ಪಾರ್ಕಿನ್ಸನ್ ಲಕ್ಷಣ ತರಬಲ್ಲದು. ವಾಂತಿಗೆ ಕೊಡುವ ಮೆಟೋಕ್ಲೋಪ್ರಮೈಡ್, ಪ್ರೋಕ್ಲೋರ್‌ಪೆರಜಿನ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಫ್ಲುನರಿಜಿನ್ ಕೂಡ ಇದೇ ಸಾಲಿಗೆ ಸೇರುತ್ತವೆ.

ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಅಪ್ಪ ಅಮ್ಮನ ಫೈಲಿನ ಮೊದಲ ಪುಟಕ್ಕೆ ಅಂಟಿಸಿ. ಪರ್ಯಾಯವಾಗಿ ಡೊಂಪೆರಿಡೋನ್ ಕೊಡುವುದುಂಟು. ಆದರೆ ಅದು ಕೆಲವರಲ್ಲಿ ಹೃದಯದ ಬಡಿತದ ಲಯ ಕೆಡಿಸಬಹುದು. ಹೃದಯದ ತೊಂದರೆ ಇದ್ದರೆ ಇಸಿಜಿ ನೋಡಿಯೇ ಶುರುಮಾಡಬೇಕು.

ವಾಟ್ಸಾಪಿನಲ್ಲಿ ಓಡಾಡುವ ನಸುಗುನ್ನಿ ಬೀಜದ ಪುಡಿಯ ಬಗ್ಗೆಯೂ ಒಂದು ಮಾತು. ಅದರಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ. ಅದಕ್ಕೇ ಅಪಾಯ. ಈಗಾಗಲೇ ಮಾತ್ರೆ ನುಂಗುತ್ತಿರುವವರು ಅಳತೆಯಿಲ್ಲದೆ ಪುಡಿಯನ್ನೂ ಸೇರಿಸಿದರೆ ಡೋಸ್ ಮೇಲೆ ಡೋಸ್ ಆಗಿ ವಾಂತಿ, ಬಿಪಿ ಕುಸಿತ, ಮೈ ತಿರುಚುವಿಕೆ ಬರಬಹುದು. ನರರೋಗ ತಜ್ಞರಿಗೆ ಹೇಳದೆ ಕೊಡಬೇಡಿ.

*ತೂಕ ಏರಿದರೆ?*

ಅದಕ್ಕೂ ಗಮನ ಬೇಕು. ಪ್ರಮಿಪೆಕ್ಸೋಲ್ ತರಹದ ಮಾತ್ರೆಗಳು ಕೆಲವರಲ್ಲಿ ತಿನ್ನುವ ಚಪಲವನ್ನು ಹಿಡಿತ ಮೀರಿ ಹೆಚ್ಚಿಸುತ್ತವೆ. ರಾತ್ರಿ ಎದ್ದು ಸಿಹಿ ಹುಡುಕುವುದು, ಜೊತೆಗೆ ಆನ್‌ಲೈನ್ ಖರೀದಿ, ಜೂಜಿನ ಹುಚ್ಚು. ಇದು ಸ್ವಭಾವ ದೋಷವಲ್ಲ, ಔಷಧಿಯ ಅಡ್ಡಪರಿಣಾಮ. ಬೈಯಬೇಡಿ, ಡಾಕ್ಟರಿಗೆ ಹೇಳಿ. ಮೆದುಳಿಗೆ ವಿದ್ಯುತ್ ತಂತಿ ಅಳವಡಿಸುವ ಡಿಬಿಎಸ್ ಶಸ್ತ್ರಚಿಕಿತ್ಸೆಯ ನಂತರವೂ ತೂಕ ಏರುವುದು ಸಾಮಾನ್ಯ.

ಇನ್ನೊಂದು, ಏರಿದ್ದು ಮಾಂಸವೋ ನೀರೋ ನೋಡಬೇಕು. ಪ್ರಮಿಪೆಕ್ಸೋಲ್, ಅಮಾಂಟಡಿನ್ ಕಾಲು ಊತ ತರುತ್ತವೆ. ಬಿಪಿಗೆ ಕೊಡುವ ಅಮ್ಲೋಡಿಪಿನ್ ಕೂಡ ತರುತ್ತದೆ. ಆದರೆ ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿ, ಮಲಗಿದರೆ ಉಸಿರು ಕಟ್ಟಿದರೆ ಅದು ಹೃದಯ ವೈಫಲ್ಯ ಇರಬಹುದು. ತಡ ಮಾಡಬಾರದು. ನೀರು ತುಂಬಿಕೊಂಡಾಗ ತೂಕದ ಯಂತ್ರ "ಸ್ಥಿರ" ಎಂದು ತೋರಿಸುತ್ತಿದ್ದರೂ ಒಳಗೆ ಮಾಂಸ ಕರಗುತ್ತಿರಬಹುದು. ಕಾಲು ಊದಿದೆ, ಆದರೆ ತೋಳು, ಕೆನ್ನೆ ಬತ್ತಿವೆ ಎಂದರೆ ಅನುಮಾನಿಸಿ.

*ಊಟ ಹೇಗಿರಬೇಕು?*

ತೂಕ ಇಳಿಯುತ್ತಿರುವ ಪಾರ್ಕಿನ್ಸನ್ ರೋಗಿಗೆ "ಹೃದಯದ ಡಯಟ್" ಹೆಸರಿನಲ್ಲಿ ಬರೀ ಓಟ್ಸ್ ಗಂಜಿ ಕೊಟ್ಟು ಕೂರಿಸಬೇಡಿ. ಹೃದಯದ ಡಾಕ್ಟರ್ ಆಗಿಯೇ ಹೇಳುತ್ತಿದ್ದೇನೆ. ಆ ಹೊತ್ತಿನಲ್ಲಿ ಕೊಲೆಸ್ಟ್ರಾಲಿಗಿಂತ ಹತ್ತಿರದ ಶತ್ರು ಅಪೌಷ್ಟಿಕತೆ.

• ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ. ಹುರಿಹಿಟ್ಟಿಗೆ ಹಾಲು ಬೆಲ್ಲ, ಮೊಸರವಲಕ್ಕಿ, ಬಾಳೆಹಣ್ಣು, ಮೆತ್ತಗಿನ ಇಡ್ಲಿಗೆ ಶೇಂಗಾ ಚಟ್ನಿ. ಅನ್ನಕ್ಕೆ ಒಂದು ಚಮಚ ತುಪ್ಪ ಹಾಕಿದರೆ ತುತ್ತು ಹೆಚ್ಚದೆಯೇ ಸುಮಾರು 45 ಕ್ಯಾಲೊರಿ ಸೇರುತ್ತದೆ.

• ಪ್ರೋಟೀನ್ ಬಿಡಬೇಡಿ. ಹಿರಿಯರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ. ಪ್ರೋಟೀನ್ ಮತ್ತು ಲೆವೊಡೋಪಾ ಕರುಳಿನಲ್ಲಿ ಒಂದೇ ಬಾಗಿಲಿನಿಂದ ಒಳಹೋಗಲು ಪೈಪೋಟಿ ಮಾಡುತ್ತವೆ ಎಂಬುದು ನಿಜ. ಅದಕ್ಕೆ ಪರಿಹಾರ ಬೇಳೆ, ಮೊಟ್ಟೆ, ಮೊಸರನ್ನು ನಿಲ್ಲಿಸುವುದಲ್ಲ. ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಊಟವಾಗಿ ಒಂದು ಗಂಟೆಯ ನಂತರ ಕೊಡುವುದು. ಕಬ್ಬಿಣಾಂಶದ ಮಾತ್ರೆಯನ್ನೂ ಲೆವೊಡೋಪಾ ಜೊತೆ ಕೊಡಬೇಡಿ, ಎರಡು ಗಂಟೆ ಅಂತರವಿರಲಿ.

• ನುಂಗಲು ಕಷ್ಟವಿದ್ದರೆ ಊಟದ ಹದ ಬದಲಿಸಿ. ತೆಳು ಸಾರು, ನೀರು ಮಜ್ಜಿಗೆ ಶ್ವಾಸನಾಳಕ್ಕೆ ಬೇಗ ಜಾರುತ್ತವೆ. ಅನ್ನ ಸಾರಿನಲ್ಲಿ ಅಗಿಯುವುದೂ ಕುಡಿಯುವುದೂ ಒಟ್ಟಿಗೆ ಇರುವುದರಿಂದ ಅದು ಇನ್ನೂ ಕಷ್ಟ. ಮೆತ್ತಗೆ ಕಲಸಿದ ಬಿಸಿಬೇಳೆಬಾತ್, ಗಟ್ಟಿ ಮೊಸರನ್ನ ಸುಲಭ. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ರೂಢಿ. ನುಂಗುವ ತೊಂದರೆ ಇರುವವರು ಅದನ್ನು ಬಿಡಬೇಕು. ರಾಗಿಯನ್ನು ಗಟ್ಟಿ ಅಂಬಲಿಯಾಗಿ ಕೊಡಿ. ಜೋಳದ ರೊಟ್ಟಿಯನ್ನು ಹಾಲಿನಲ್ಲೋ ಬೇಳೆಯಲ್ಲೋ ಪೂರ್ತಿ ನೆನೆಸಿ.

• ನೇರವಾಗಿ ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಟಿವಿ ಆರಿಸಿ ಊಟ ಮಾಡಿಸಿ. ಮಾತ್ರೆಯ ಪ್ರಭಾವ ಚೆನ್ನಾಗಿರುವ ಹೊತ್ತಿಗೆ ಊಟ ಹೊಂದಿಸಿ. ಊಟದ ನಂತರ ಅರ್ಧ ಗಂಟೆ ಮಲಗುವುದು ಬೇಡ.

• ಏಕಾದಶಿ, ಶನಿವಾರದ ಒಪ್ಪೊತ್ತು ಮಾಡುವ ಹಿರಿಯರಿಗೆ ಗೌರವದಿಂದಲೇ ತಿಳಿಹೇಳಿ. ಕಾಯಿಲೆಯವರಿಗೆ ಉಪವಾಸದ ವಿನಾಯಿತಿ ನಮ್ಮ ಸಂಪ್ರದಾಯದಲ್ಲೇ ಇದೆ.

• ನಡಿಗೆಯ ಜೊತೆ ಸ್ನಾಯು ಬಲಪಡಿಸುವ ವ್ಯಾಯಾಮವೂ ಬೇಕು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು ಒಳ್ಳೆಯ ಆರಂಭ. ಪಕ್ಕದಲ್ಲಿ ಒಬ್ಬರು ಇರಲಿ.

ನುಂಗುವ ತರಬೇತಿ ಕೊಡುವವರು ಸ್ಪೀಚ್ ಥೆರಪಿಸ್ಟ್‌ಗಳು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಎಲ್ಲ ದೊಡ್ಡ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ ಅವರಿದ್ದಾರೆ. ಮುಂಬೈ ಮೂಲದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ದೇಶದ ಹಲವು ಊರುಗಳಲ್ಲಿ ರೋಗಿಗಳ, ಮನೆಯವರ ಬೆಂಬಲ ಗುಂಪುಗಳನ್ನು ನಡೆಸುತ್ತದೆ.

*ಹೊರನಾಡಿನಲ್ಲಿರುವ ನಮಗೆ ವಿಶೇಷ ಕಷ್ಟ*

ನಮ್ಮಲ್ಲಿ ಅನೇಕರ ತಂದೆತಾಯಿ ಆರು ತಿಂಗಳು ಊರಲ್ಲಿ, ಆರು ತಿಂಗಳು ಮಕ್ಕಳ ಹತ್ತಿರ. ಧಾರವಾಡದಲ್ಲಿ ಒಬ್ಬ ಡಾಕ್ಟರ್, ಪುಣೆಯಲ್ಲಿ ಇನ್ನೊಬ್ಬರು. ಎರಡು ಫೈಲು, ಎರಡು ಚೀಟಿ. ಧಾರವಾಡದ ಡಾಕ್ಟರ್ ಕಂಡ 62 ಕಿಲೋ ಪುಣೆಯ ಡಾಕ್ಟರಿಗೆ ಗೊತ್ತಿಲ್ಲ. ಅವರಿಗೆ ಕಂಡಿದ್ದು 57 ಮಾತ್ರ. ಅದು ಅವರಿಗೆ ಸಾಧಾರಣ ತೂಕದ ಹಿರಿಯರು. ಐದು ಕಿಲೋ ಎಲ್ಲಿ ಕಳೆಯಿತು ಎಂದು ಯಾರೂ ಕೇಳುವುದಿಲ್ಲ.

ವಿಡಿಯೋ ಕಾಲ್ ಇದೆಯಲ್ಲ ಅನ್ನಬಹುದು. ವಿಡಿಯೋ ಕಾಲಿನಲ್ಲಿ ಕಾಣುವುದು ಮುಖ ಮಾತ್ರ. ಸೊಂಟದಲ್ಲಿ ನಿಲ್ಲದ ಪಂಚೆ, ಮೊಣಕೈವರೆಗೆ ಜಾರುವ ಬಳೆ, ಬೆಲ್ಟಿಗೆ ಹೊಸದಾಗಿ ಕೊರೆದ ತೂತು, ಸಡಿಲವಾದ ಹಲ್ಲಿನ ಸೆಟ್ಟು ಕಾಣುವುದಿಲ್ಲ. ಜೊತೆಯಲ್ಲೇ ಇದ್ದರೂ ದಿನವೂ ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ತಿಳಿಯುವುದಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಮಧ್ಯಾಹ್ನ ಹಾಟ್‌ಬಾಕ್ಸಿನಲ್ಲಿಟ್ಟ ಊಟ ಎಷ್ಟು ಹೊಟ್ಟೆಗೆ ಹೋಯಿತು, ಎಷ್ಟು ಡಸ್ಟ್‌ಬಿನ್ನಿಗೆ ಹೋಯಿತು ಎಂದು ಸಂಜೆ ಒಮ್ಮೆ ನೋಡಿ.

ಭಾಷೆಯದ್ದೂ ಒಂದು ತೊಡಕು. "ತಿಂದಿದ್ದು ಎದೆಯಲ್ಲೇ ಸಿಕ್ಕಂಗಾಗುತ್ತೆ" ಎಂದು ಅಮ್ಮ ಕನ್ನಡದಲ್ಲಿ ಹೇಳುತ್ತಾರೆ. ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಮಗ ಅದನ್ನು "ಎದೆ ನೋವು" ಎಂದು ಅನುವಾದಿಸುತ್ತಾನೆ. ಹೃದಯದ ಪರೀಕ್ಷೆಗಳೆಲ್ಲ ಆಗುತ್ತವೆ, ಎಲ್ಲ ನಾರ್ಮಲ್ ಬರುತ್ತವೆ, ನುಂಗುವ ತೊಂದರೆ ಹಾಗೇ ಉಳಿಯುತ್ತದೆ. ಆದ್ದರಿಂದ ಅವರು ಹೇಳಿದ ಮಾತನ್ನು ಹಾಗೆಯೇ, ತಿನ್ನುವಾಗ ಆಗುತ್ತದೋ ನಡೆಯುವಾಗ ಆಗುತ್ತದೋ ಎಂಬುದನ್ನೂ ಸೇರಿಸಿ ಹೇಳಿ.

*ಇವತ್ತೇ ಮಾಡಬಹುದಾದ ಕೆಲಸ*

ಒಂದು ತೂಕದ ಯಂತ್ರ, ಒಂದು ನೋಟ್‌ಬುಕ್. ತಿಂಗಳಿಗೆ ಎರಡು ಸಲ, ಬೆಳಿಗ್ಗೆ ಶೌಚವಾದ ಮೇಲೆ, ಹೆಚ್ಚುಕಡಿಮೆ ಒಂದೇ ತರಹದ ಬಟ್ಟೆಯಲ್ಲಿ ತೂಕ ನೋಡಿ ಬರೆಯಿರಿ. ಬೀಳದಂತೆ ಹಿಡಿದುಕೊಳ್ಳಿ. ನಿಲ್ಲಲು ಆಗದವರಿಗೆ ತೋಳಿನ ಸುತ್ತಳತೆಯನ್ನು ಟೇಪಿನಿಂದ ಅಳೆದು ಬರೆಯಿರಿ. ಆ ನೋಟ್‌ಬುಕ್ ಅಪ್ಪ ಅಮ್ಮನ ಜೊತೆಗೇ ಪ್ರಯಾಣ ಮಾಡಲಿ. ಮನೆಯವರ ವಾಟ್ಸಾಪ್ ಗುಂಪಿಗೂ ಒಂದು ಫೋಟೋ ಹಾಕಿ.

ಈ ಲೆಕ್ಕ ನೆನಪಿಡಿ, ನೂರಕ್ಕೆ ಐದು:
50 ಕಿಲೋ ಇದ್ದವರಿಗೆ ಎರಡೂವರೆ ಕಿಲೋ
60 ಕಿಲೋ ಇದ್ದವರಿಗೆ 3 ಕಿಲೋ
70 ಕಿಲೋ ಇದ್ದವರಿಗೆ ಮೂರೂವರೆ ಕಿಲೋ

ಪ್ರಯತ್ನಪಡದೆ ಆರು ತಿಂಗಳಿಂದ ಒಂದು ವರ್ಷದೊಳಗೆ ಇಷ್ಟು ಇಳಿದರೆ ಡಾಕ್ಟರಿಗೆ ತೋರಿಸಿ. "ಪಾರ್ಕಿನ್ಸನ್ ಅಲ್ಲವೇ, ಹಾಗೇ" ಎಂದು ಬಿಡಬೇಡಿ. ಥೈರಾಯ್ಡ್, ಹಿಡಿತ ತಪ್ಪಿದ ಶುಗರ್, ಕ್ಷಯ, ಕ್ಯಾನ್ಸರ್ ಕೂಡ ತೂಕ ಇಳಿಸುತ್ತವೆ. ಅವನ್ನೂ ನೋಡಬೇಕು.

ಇವು ಕಂಡರೆ ಕಾಯಬೇಡಿ: ಊಟದ ಹೊತ್ತಿಗೆ ಪದೇ ಪದೇ ಕೆಮ್ಮು, ನುಂಗಿದ ಮೇಲೆ ಗೊರಗೊರ ದನಿ, ಕಾರಣವಿಲ್ಲದ ಜ್ವರ, ಒಂದು ಊಟಕ್ಕೆ ಮುಕ್ಕಾಲು ಗಂಟೆ, ಎದ್ದಾಗ ಕಣ್ಣು ಕತ್ತಲೆ, ಮೇಲಿಂದ ಮೇಲೆ ಬೀಳುವುದು.

ಪಾರ್ಕಿನ್ಸನ್ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಆದರೆ ಇದರೊಂದಿಗೆ ಹತ್ತು, ಹದಿನೈದು, ಇಪ್ಪತ್ತು ವರ್ಷ ಬದುಕಿದವರು ಬಹಳ ಜನ ಇದ್ದಾರೆ. ಆ ವರ್ಷಗಳು ಹಾಸಿಗೆಯಲ್ಲಿ ಕಳೆಯುತ್ತವೋ ಮೊಮ್ಮಕ್ಕಳ ಜೊತೆ ಕಳೆಯುತ್ತವೋ ಎಂಬುದು ನಡುಕದ ಮಾತ್ರೆಯಿಂದ ಮಾತ್ರ ನಿರ್ಧಾರವಾಗುವುದಿಲ್ಲ, ತಟ್ಟೆಯಲ್ಲಿ ಏನಿದೆ, ಅದು ಹೊಟ್ಟೆಗೆ ಹೋಗುತ್ತಿದೆಯೇ ಎಂಬುದರಿಂದಲೂ ಆಗುತ್ತದೆ.

ನಿಮ್ಮ ಬಳಗದಲ್ಲಿ ಪಾರ್ಕಿನ್ಸನ್ ಇರುವ ಹಿರಿಯರಿದ್ದರೆ, ಅವರನ್ನು ನೋಡಿಕೊಳ್ಳುವವರಿಗೆ ಇದನ್ನು ಕಳುಹಿಸಿ. ಮುಂದಿನ ಸಲ ಫೋನ್ ಮಾಡಿದಾಗ "ಊಟ ಆಯ್ತಾ?" ಎಂದು ಕೇಳುವುದರ ಜೊತೆಗೆ "ಈ ತಿಂಗಳು ತೂಕ ಎಷ್ಟು?" ಎಂದೂ ಕೇಳಿ.

ಎಲ್ಲರಿಗೂ ಆರೋಗ್ಯವಿರಲಿ. 🙏

(ಈ ಲೇಖನ ತಿಳಿವಳಿಕೆಗಾಗಿ ಮಾತ್ರ. ಔಷಧಿಯ ಬದಲಾವಣೆಯನ್ನು ನಿಮ್ಮ ವೈದ್ಯರ ಸಲಹೆಯಂತೆಯೇ ಮಾಡಿ.)